ನನಗಿಂತ ಮೊದಲು ಹೊರಟ ಗಂಟು

ಇವತ್ತು ಬೆಳಗ್ಗೆ ಅಕ್ಕನ ಮನೆಯಲ್ಲಿ ರಾಗಿ ಹುರಿಯುವ ವಾಸನೆಗೆ ಎಚ್ಚರವಾಯಿತು. ಬಾಣಲೆಯಲ್ಲಿ ಅರಳುವ ರಾಗಿಯ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಹೋದ ವರ್ಷದ ಬೇಸಿಗೆ ಇಡಿಯಾಗಿ ಎದ್ದು ಬಂತು. ದಿನಚರಿ ಬರೆಯುವ ಅಭ್ಯಾಸ ನನಗೆ ಹೈಸ್ಕೂಲಿನಿಂದಲೂ ಇದೆ. ಆದರೆ ಆ ಬೇಸಿಗೆಯ ಪುಟಗಳಲ್ಲಿ ಇರುವುದು ಬರೀ ತಾರೀಖು, ಊರು, ಮೈಲಿ. ಜನ ಆಡಿದ ಮಾತು ಅಲ್ಲಿಲ್ಲ. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ರಾಯದುರ್ಗದ ಬೋರ್ಡ್ ಸ್ಕೂಲಿನಲ್ಲಿ ನನಗೆ ಅದು ಎರಡನೆಯ ವರ್ಷ. ಶಾಲೆ ಇರುವುದು ಬೆಟ್ಟದ ಬುಡದಲ್ಲಿ. ಗುಂಡಿನ ಮೇಲೆ ಗುಂಡು ಕೂತ ಆ ಬೆಟ್ಟ, ಅದರ ಹೆಗಲ ಮೇಲೆ ಕೋಟೆಯ ಗೋಡೆ. ಬೆಳಗಿನ ಮೊದಲ ಪಾಠ ಮುಗಿಯುವವರೆಗೂ ನಮ್ಮ ಅಂಗಳಕ್ಕೆ ಬಿಸಿಲು ಬೀಳುತ್ತಿರಲಿಲ್ಲ. ತರಗತಿಯ ಗೋಡೆಗೆ ಮದರಾಸು ಪ್ರಾಂತ್ಯದ ನಕ್ಷೆ ತೂಗುಹಾಕಿತ್ತು. ನಮ್ಮ ಸೀಮೆಯ ಜಿಲ್ಲೆಗಳಿಗೂ ಪಡುವಣ ಕಡಲಿನ ದಕ್ಷಿಣ ಕನ್ನಡ ಜಿಲ್ಲೆಗೂ ಅದರಲ್ಲಿ ಒಂದೇ ಗುಲಾಬಿ ಬಣ್ಣ. ನಡುವೆ ಮೈಸೂರು ಸೀಮೆ ಹಳದಿ. ಆ ಹಳದಿಯೊಳಕ್ಕೆ ಅಕ್ಕನ ಊರಿರುವ ಮಡಕಶಿರಾ ತಾಲ್ಲೂಕು ನಾಲಿಗೆಯ ಹಾಗೆ ಚಾಚಿಕೊಂಡಿತ್ತು. ದಿನವೂ ಕೋಲು ಹಿಡಿದು ಅರಬ್ಬೀ ಸಮುದ್ರವನ್ನು ತೋರಿಸುತ್ತಿದ್ದೆ. ಕೋಲು ಮುಟ್ಟಿದ ಜಾಗವನ್ನು ನಾನು ಕಂಡಿರಲಿಲ್ಲ.

ಆ ಚಳಿಗಾಲದಲ್ಲಿ ಶಾಲೆಗೆ ಮಂಗಳೂರು ಹೆಂಚು ಹೊದಿಸಿದರು. ಹೆಂಚು ಹೊದಿಸಲು ಬಂದವನು ಸಂಜೀವ, ಮಲ್ಪೆಯವನು. ನಾನು ಕೆಳಗೆ ಪಾಠ ಮಾಡುತ್ತಿದ್ದರೆ ಅವನು ಮೇಲಿನ ತೊಲೆಯ ಮೇಲೆ ಕೂತು ಕೇಳುತ್ತಿದ್ದ. ಒಂದು ಮಧ್ಯಾಹ್ನ ಇಳಿದು ಬಂದು, "ನೀವು ಸಮುದ್ರ ನೋಡಿದ್ದುಂಟಾ ಮಾಷ್ಟ್ರೆ?" ಅಂದ.

"ಇಲ್ಲ."

"ಹಾಗಾದ್ರೆ ಒಮ್ಮೆ ಬನ್ನಿ ಮಾರಾಯ್ರೆ. ಮಲ್ಪೆಯಲ್ಲಿ ಅಮ್ಮ ಇದ್ದಾರೆ. ನಮ್ಮ ಜಗಲಿಯಲ್ಲಿ ಕೂತ್ರೆ ಸಮುದ್ರ ಕಾಲಿನ ಹತ್ರ ಬರ್ತದೆ."

"ರಸ್ತೆ ಯಾವ ಕಡೆಯಿಂದ?"

"ನಾನು ರೈಲಲ್ಲಿ ಬಂದವ. ಹೆಂಚು ಸಹ ರೈಲಲ್ಲೇ ಬಂದದ್ದು. ರಸ್ತೆ ನನಗೂ ಗೊತ್ತಿಲ್ಲ, ಹೆಂಚಿಗೂ ಗೊತ್ತಿಲ್ಲ."

ನಾನು ರಸ್ತೆಯಲ್ಲೇ ಹೋಗಬೇಕೆಂದು ಅಲ್ಲೇ ನಿಶ್ಚಯಿಸಿದೆ. ಸೈಕಲ್ಲಿನ ಮೇಲೆ, ಒಬ್ಬನೇ, ಬೇಸಿಗೆ ರಜದಲ್ಲಿ. ಜೊತೆಯವರಿದ್ದರೆ ಅವರಿಗೆ ಹಸಿವಾದಾಗ ನಿಲ್ಲಬೇಕು, ಅವರು ಬೇಸತ್ತಾಗ ತಿರುಗಬೇಕು. ನನಗೆ ನಾನು ಬೇಕೆಂದ ಮರದ ಕೆಳಗೆ ನಿಲ್ಲಬೇಕಿತ್ತು.

ಸಂಕ್ರಾಂತಿಯಿಂದ ಯುಗಾದಿಯವರೆಗೆ ಯೋಜನೆಯೇ ನನ್ನ ಸಂಜೆಗಳ ಕೆಲಸ. ಸಂತೆಗೆ ಬಂದ ಗಾಡಿಯವರನ್ನು, ಚಳ್ಳಕೆರೆ ಕಡೆಯ ಮೋಟಾರು ಡ್ರೈವರುಗಳನ್ನು ಹಿಡಿದು ದಾರಿ ಕೇಳುತ್ತಿದ್ದೆ. ಒಬ್ಬರು ಹೇಳಿದ ದಾರಿಯನ್ನು ಪೆನ್ಸಿಲಿನಲ್ಲಿ ಬರೆಯುವುದು, ಮೂವರು ಅದನ್ನೇ ಹೇಳಿದರೆ ಮೇಲೆ ಮಸಿ ಎಳೆಯುವುದು. ಹೀಗೆ ಚಳ್ಳಕೆರೆ, ಚಿತ್ರದುರ್ಗ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಮಸಿಗೆ ಬಂದವು. ಘಟ್ಟ ಇಳಿದ ಮೇಲೆ ಉಡುಪಿ, ಮಲ್ಪೆ, ಅಲ್ಲಿಂದ ಕಡಲ ಅಂಚಿನಲ್ಲೇ ಬಡಗಲಿಗೆ ಬಾರಕೂರು, ಕುಂದಾಪುರ, ಗಂಗೊಳ್ಳಿ. ಇವು ಸಂಜೀವನೊಬ್ಬನ ಮಾತಿನ ಮೇಲೆ ಪೆನ್ಸಿಲಿನಲ್ಲೇ ಉಳಿದವು. ಭಾನುವಾರ ಕಾಲು ಪಳಗಲೆಂದು ಕಣೇಕಲ್ಲಿನವರೆಗೆ ಸೈಕಲ್ ಹೊಡೆಯುತ್ತಿದ್ದೆ. ಅಲ್ಲಿನ ಕೆರೆ ಏರಿಯ ಮೇಲೆ ನಿಂತರೆ ಒಂದು ಕಡೆ ಭತ್ತದ ಹಸಿರು, ಇನ್ನೊಂದು ಕಡೆ ಆಚೆ ದಡ ಮಂಜಾಗಿ ಕಾಣುವಷ್ಟು ನೀರು. ಸಮುದ್ರ ಇದರ ಎಷ್ಟು ಪಟ್ಟು ಎಂದು ಅಂದಾಜು ಹಾಕುತ್ತಾ ನಿಲ್ಲುತ್ತಿದ್ದೆ.

ಎಲ್ಲದಕ್ಕೂ ಉತ್ತರ ಸಿಕ್ಕಿತ್ತು, ಅಕ್ಕನದೊಂದು ಬಿಟ್ಟು.

ಅಮ್ಮ ತೀರಿಕೊಂಡಾಗ ನಾನು ನಾಲ್ಕು ವರ್ಷದ ಹುಡುಗ. ಆಗಷ್ಟೇ ಮದುವೆಯಾಗಿದ್ದ ಗಂಗಕ್ಕ ನನ್ನನ್ನು ಸೊಂಟಕ್ಕೆ ಹತ್ತಿಸಿಕೊಂಡೇ ಅಗಳಿಯ ಹತ್ತಿರದ ತನ್ನ ಗಂಡನ ಮನೆಗೆ ಹೋದಳು. ಭಾವ ಹೋದ ಮೇಲೆ ರಾಗಿ, ಕಡಲೆಕಾಯಿ ಹೊಲ, ಬಾವಿಯ ಪಕ್ಕದ ಹಿಪ್ಪುನೇರಳೆ ತೋಟ ಎಲ್ಲ ಅವಳ ಒಬ್ಬಳ ಕೈಯಲ್ಲಿ. ಬೇಸಿಗೆ ರಜದಲ್ಲಿ ನಾನು ಅಲ್ಲಿಗೇ ಹೋಗಿ ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯಬೇಕು. ಹುಳ ಕೊನೆಯ ಜ್ವರ ಎದ್ದ ಮೇಲೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಮೇಲೆ, ಅದರ ಹಸಿವಿಗೆ ಹಗಲು ರಾತ್ರಿ ಇಲ್ಲ. ಒಂದು ಕೈ ಹೆಚ್ಚಿದ್ದರೆ ಅಷ್ಟು ಅನುಕೂಲ. ಈ ಸಲ ಬರುವುದಿಲ್ಲ, ಒಬ್ಬನೇ ಸಮುದ್ರ ನೋಡಲು ಹೋಗುತ್ತೇನೆ ಎಂದು ಅವಳಿಗೆ ಹೇಗೆ ಹೇಳುವುದು? ಅವಳು "ಬ್ಯಾಡ" ಎಂದರೆ ನಾನು ಹೋಗುವವನಲ್ಲ. ಅದಕ್ಕೇ ಕೇಳದೆ ಪಡುವಲಿನ ನೇರ ದಾರಿ ಹಿಡಿದು, ಚಿತ್ರದುರ್ಗದಿಂದ ಒಂದು ಕಾರ್ಡು ಹಾಕುವುದೆಂದು ಗೊತ್ತುಮಾಡಿಕೊಂಡೆ.

ನಾನು ಬಾಡಿಗೆಗಿದ್ದ ಮನೆಯ ಒಡತಿ ಬಸಮ್ಮನವರು. ನನ್ನ ಊಟವೂ ಅವರಲ್ಲೇ. ಹೊರಡುವ ವಾರ ವಿಷಯ ತಿಳಿಸಿದೆ.

"ಯಾವತ್ತು ಹೊಂಟೀರಿ?"

"ಶುಕ್ರವಾರ ಪರೀಕ್ಷೆ ಮುಗಿಯುತ್ತೆ. ಅವತ್ತೇ ಸಂಜೆ."

"ಪಡುವಲಕ್ಕ? ಶುಕ್ರಾರ ಪಡುವಲಕ್ಕ ಶೂಲಿ ಐತ್ರಿ, ಆ ಕಡಿ ಹೊಂಡಬಾರದು. ಕಲ್ತವ್ರು ನೀವ ಹಿಂಗ ಮಾಡಿದ್ರ ಹೆಂಗ?"

"ಶನಿವಾರ ಹೋಗ್ತೀನಿ."

"ಶನಿವಾರ ಅಮಾಸಿ."

"ಭಾನುವಾರ?"

"ಭಾನುವಾರನೂ ಪಡುವಲಕ್ಕ ಶೂಲಿ. ಯಾಕ ತಲಿ ಕೆಡಿಸ್ಕೊಂತೀರಿ, ಪರಸ್ತಾನ ಇಟ್ಟುಬಿಡ್ರಿ. ಶುಕ್ರಾರ ತೆಂಕಲಕ್ಕ ಏನೂ ತೊಂದ್ರಿ ಇಲ್ಲ. ನನ್ನ ತಮ್ಮ ತಿಪ್ಪಣ್ಣನ ಮನಿ ತೆಂಕಲಕ್ಕ ಐತಿ, ಅಲ್ಲಿ ಇಡ್ರಿ."

ಪ್ರಸ್ಥಾನ ಇಡುವುದು ನಮ್ಮ ಕಡೆ ಎಲ್ಲರೂ ಬಲ್ಲ ಪದ್ಧತಿ. ಒಳ್ಳೆಯ ಗಳಿಗೆಯಲ್ಲಿ ನಾವೇ ಹೊರಡಲಾಗದಿದ್ದರೆ ಉಟ್ಟ ಬಟ್ಟೆಯೊಂದರಲ್ಲಿ ಹಿಡಿ ಅಕ್ಕಿ, ಅರಿಸಿನದ ಕೊಂಬು ಇಟ್ಟು ಗಂಟು ಕಟ್ಟಿ ಹೋಗುವ ದಿಕ್ಕಿನ ಒಂದು ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊರಟರೆ ನಾವು ಹೊರಟಂತೆ. ಅಮ್ಮನ ಕಾಲದ ಶಾಸ್ತ್ರ, ಮುದುಕಿಯ ಸಮಾಧಾನಕ್ಕೆ ಆಗಲಿ ಎಂದುಕೊಂಡು ಶುಕ್ರವಾರ ನನ್ನ ಪಂಚೆ, ಟವಲು ಕಟ್ಟಿ ತಿಪ್ಪಣ್ಣನ ಮನೆಯ ಗೂಟಕ್ಕೆ ತಗುಲಿಹಾಕಿ ಬಂದೆ. ಸೋಮವಾರ ಅಲ್ಲಿಂದ ಎತ್ತಿಕೊಂಡು ಪಡುವಲಿಗೆ ತಿರುಗಿದರಾಯಿತು.

ಅವತ್ತೇ ಸಂಜೆ ಹೆಡ್‌ಮಾಸ್ಟರು ಕರೆದರು. "ಇನ್‌ಸ್ಪೆಕ್ಟರ್ ಸಾಹೇಬರ ಕ್ಯಾಂಪು ಮುಂದಕ್ಕೆ ಹೋಗಿದೆ. ಯಾವತ್ತು ಬರ್ತಾರೋ ಗೊತ್ತಿಲ್ಲ. ಹಾಜರಿ, ಫಲಿತಾಂಶ ಎಲ್ಲ ಅಚ್ಚುಕಟ್ಟಾಗಿ ಇಟ್ಟವರು ನೀವೊಬ್ಬರೇ. ಅವರು ಬಂದು ಹೋಗೋವರೆಗೂ ಊರು ಬಿಡಬೇಡಿ."

ಅಚ್ಚುಕಟ್ಟು ಎಂಬ ಗುಣಕ್ಕೆ ನಾನು ತೆತ್ತ ಮೊದಲ ದಂಡ ಅದು.

ಮನೆಗೆ ಬಂದು ಹೇಳಿದರೆ ಬಸಮ್ಮನವರು ಎಲೆಯನ್ನು ಹೊರಗಿನ ಕಟ್ಟೆಯ ಮೇಲೆ ಹಾಕಿದರು. "ಹೊಂಟವರಿಗೆ ಒಳಗ ಎಲಿ ಹಾಕಬಾರದ್ರಿ. ನೀವೀಗ ದಾರ್ಯಾಗದೀರಿ."

ಹಾಗೆ ನಾನು ನನ್ನ ಮನೆಯ ಮುಂದೆಯೇ ದಾರಿಹೋಕನಾದೆ. ದಿನವೂ ಕಟ್ಟೆಯ ಮೇಲೆ ಊಟ. ಬೀದಿಯವರಿಗೆ ಅದೊಂದು ಹಬ್ಬ. "ಏನ್ರಿ ಮೇಷ್ಟ್ರ, ಇವತ್ತೆಲ್ಲಿ ಮುಟ್ಟಿದಿರಿ?" ಎಂದು ಕೇಳುವರು. "ರಾಯದುರ್ಗ" ಎಂದರೆ, "ಬಾಳ ದೂರ ಬಂದ್ರಿ ಬಿಡ್ರಿ" ಎನ್ನುವರು. ಬಟ್ಟೆ ಒಗೆಯುವಾಕೆ ನನ್ನ ಅಂಗಿ ತೆಗೆದುಕೊಳ್ಳಲಿಲ್ಲ. ಊರಲ್ಲಿಲ್ಲದವರ ಬಟ್ಟೆ ಹೇಗೆ ಒಗೆಯುವುದೆಂದು ನಗುತ್ತಾ ಹೋದಳು.

ಐದು ದಿನವಾದ ಮೇಲೆ ಟವಲಾದರೂ ತರೋಣವೆಂದು ತಿಪ್ಪಣ್ಣನ ಮನೆಗೆ ಹೋದೆ. ಗೂಟ ಖಾಲಿ. ತಿಪ್ಪಣ್ಣ ಗಾಡಿಗೆ ಬಟ್ಟೆಯ ಮೂಟೆ ಹೇರಿಕೊಂಡು ಕಲ್ಯಾಣದುರ್ಗಕ್ಕೆ ಹೋಗಿದ್ದ, ನನ್ನ ಗಂಟನ್ನೂ ಜೊತೆಗಿಟ್ಟುಕೊಂಡು.

"ಒಂದ ಕಡಿ ಐದು ದಿನಕ್ಕಿಂತ ಹೆಚ್ಚಿಗಿ ಕುಂತ್ರ ಪರಸ್ತಾನ ಕೆಡ್ತೈತ್ರಿ" ಎಂದರು ಬಸಮ್ಮನವರು. "ಹಿಂದಕ್ಕ ತರಂಗಿಲ್ಲ. ಮುಂದಕ್ಕ ಸಾಗಬೇಕು. ಅವನ ಗಾಡಿ ಹೆಂಗೂ ಹೊಂಟಿತ್ತು."

ಅಂದಿನಿಂದ ದಿನಚರಿಯ ಪುಟದಲ್ಲಿ ನಡುವೆ ಒಂದು ಗೆರೆ ಎಳೆದೆ. ಎಡಕ್ಕೆ ‘ಗಂಟು’, ಬಲಕ್ಕೆ ‘ನಾನು’. ಬಲಗಡೆ ದಿನವೂ ರಾಯದುರ್ಗ. ಎಡಗಡೆ ಕಲ್ಯಾಣದುರ್ಗದ ಛತ್ರ. ಅಲ್ಲಿನ ಕಾವಲುಗಾರ "ಮೂಟ ಒಚ್ಚಿಂದಿ, ಮನಿಷೇಡಪ್ಪಾ?" ಎಂದು ಹುಡುಕಾಡಿದನಂತೆ. ಗಂಟು ಬಂತು, ಮನುಷ್ಯ ಎಲ್ಲಪ್ಪಾ ಎಂಬ ಅವನ ತೆಲುಗು ಮಾತು ತಿಪ್ಪಣ್ಣನ ಗಾಡಿಯಲ್ಲಿ ವಾಪಸು ಬಂದು ನಮ್ಮ ಬೀದಿಯ ಬಾಯಲ್ಲಿ ನಿಂತಿತು. ಆಮೇಲೆ ಹರಕೆ ತೀರಿಸಲು ಹೊರಟ ಒಂದು ಕುಟುಂಬ ಅದನ್ನು ಹೇಮಾವತಿಯ ಸಿದ್ದೇಶ್ವರನ ಗುಡಿಗೆ ಮುಟ್ಟಿಸಿತು. ಯಾರಿಗೂ ನನ್ನ ಗುರುತಿಲ್ಲ. ಆದರೂ ಒಬ್ಬರೂ ಗಂಟನ್ನು ಬಿಚ್ಚಲಿಲ್ಲ, ನೆಲಕ್ಕೆ ಇಡಲಿಲ್ಲ, ಕಾಯಿಸಲಿಲ್ಲ. ಪಯಣಕ್ಕೆ ಹೊರಟವನೊಬ್ಬನ ಪಂಚೆ ಅದು ಎಂಬುದಷ್ಟೇ ಅವರಿಗೆ ಸಾಕಾಗಿತ್ತು. ನಮ್ಮ ಸೀಮೆಯ ಬಗ್ಗೆ ನನಗೆ ಅಷ್ಟು ಹೆಮ್ಮೆ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ.

ಆ ಹೆಮ್ಮೆಯಲ್ಲಿದ್ದಾಗಲೇ ಬಸಮ್ಮನವರು ಸಾರು ಬಡಿಸುತ್ತಾ ಹೇಳಿದರು: "ಹೇಮಾವತಿಯಿಂದ ನಿಮ್ಮ ಅಕ್ಕಾರ ಊರು ಹತ್ರ ಅಲ್ಲೇನ್ರಿ? ಅಲ್ಲಿಗೆ ಮುಟ್ಟಸ್ರಿ ಅಂತ ಹೇಳಿ ಕಳಿಸೀನಿ. ಒಡಹುಟ್ಟಿದಾಕಿ ಇರೂವಾಗ ಗಂಟು ಪರರ ಮನ್ಯಾಗ ಯಾಕ?"

ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ. ಕಾರ್ಡು ಬರೆಯಲು ಕೂತೆ. ಆದರೆ ಬರೆಯುವುದೇನು? ಅಕ್ಕನೇ ಗಂಜಿ ಹಾಕಿ ಮಡಿಸಿಕೊಟ್ಟಿದ್ದ ಪಂಚೆ ಅದು. ನಾನು ಹೇಳದೆ ಮುಚ್ಚಿಟ್ಟಿದ್ದನ್ನು ಅದು ಆಗಲೇ ಹೇಳಿಯಾಗಿರುತ್ತದೆ.

ಇನ್‌ಸ್ಪೆಕ್ಟರು ಕೊನೆಗೂ ಬಂದರು. ಒಂದು ಬೆಳಗಿನಲ್ಲಿ ಎಲ್ಲ ನೋಡಿ, "ಗುಡ್" ಎಂದು ಹೋದರು. ಅಷ್ಟರಲ್ಲಿ ರಜದ ಅರ್ಧ ಕರಗಿತ್ತು. ಮಸಿ ಎಳೆದ ಪಡುವಲಿನ ದಾರಿ ಪುಸ್ತಕದಲ್ಲೇ ಉಳಿಯಿತು. ಗಂಟು ತೆಂಕಲಿಗೆ ಹೋಗಿದ್ದರಿಂದ ನಾನೂ ತೆಂಕಲಿಗೆ ಹೊರಟೆ. ಬಸಮ್ಮನವರು ಬಾಗಿಲಿಗೆ ಬರಲೇ ಇಲ್ಲ, ಕಳಿಸಿಕೊಟ್ಟು ಆಗಿತ್ತಲ್ಲ.

ನನ್ನ ಗಂಟು ಹೋದ ದಾರಿಯಲ್ಲೇ ಹೋದೆ. ಬೇಸಿಗೆಯ ನಸುಕಿನಲ್ಲಿ ಆ ದಾರಿ ಎಷ್ಟು ಚೆಂದವೆಂದು ಅಲ್ಲೇ ಬದುಕುವವರಿಗೂ ಮರೆತುಹೋಗಿರುತ್ತದೆ. ಕೆಂಪು ನೆಲ, ಒಂಟಿ ಈಚಲು, ಮೇಲೆ ಬಾನಿಗೆ ಆನಿಸಿದಂತೆ ನಿಂತ ಬೋಳುಗುಡ್ಡ, ಅದರ ಬೆನ್ನ ಮೇಲೆ ಬೆಳಕು ಇಳಿಯುವ ರೀತಿ. ಕಲ್ಯಾಣದುರ್ಗದ ಛತ್ರದ ಕಾವಲುಗಾರ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಆ ಮೂಟ ಮನಿಷಿ ನೀವೇನಾ?" ಎಂದು ತೆಲುಗಿನಲ್ಲಿ ಕೇಳಿ, ಕೇಳದೆಯೇ ಮಜ್ಜಿಗೆ ಕೊಟ್ಟ. ಹೇಮಾವತಿಯಲ್ಲಿ ಪೂಜಾರಪ್ಪ ಗಂಟು ಇಟ್ಟಿದ್ದ ಕಂಬವನ್ನು ತೋರಿಸಿದ. ನೊಳಂಬರ ಕಾಲದ ಕರಿಕಲ್ಲಿನ ಕಂಬ. ಸವರಿದರೆ ಎಣ್ಣೆ ಹಚ್ಚಿದ ಹಾಗೆ ನುಣುಪು, ಬಗ್ಗಿದರೆ ಮುಖ ಕಾಣುತ್ತದೆ. "ನಿನ್ ಗಂಟು ಬಲು ಸಭ್ಯಸ್ತ ಕಣಪ್ಪ" ಎಂದ. "ಬಂದ ಭಕ್ತರೆಲ್ಲ ವಟವಟ ಅಂತಾರೆ, ಅದು ಒಂದ್ ಮಾತಾಡ್ಲಿಲ್ಲ."

ಅಕ್ಕನ ಮನೆ ತಲುಪಿದಾಗ ಇಳಿಹೊತ್ತು. ಹುಳದ ಮನೆಯಿಂದ ಸಣ್ಣ ಮಳೆಯಂಥ ಸದ್ದು ಬರುತ್ತಿತ್ತು. ಹುಳ ಕೊನೆಯ ಜ್ವರ ಎದ್ದು ಮೇಯುತ್ತಿದ್ದವು. ಸರಿಯಾಗಿ ನಾನು ಬೇಕಾಗಿದ್ದ ಹೊತ್ತು. ಅಕ್ಕ ಸೊಪ್ಪಿನ ಪುಟ್ಟಿ ಹೊತ್ತು ಬಂದವಳು ನನ್ನನ್ನು ನೋಡಿ ನಿಂತಳು.

"ಬಂದೇನ್ಲಾ ಸಿದ್ದ."

"ಅಕ್ಕ, ನಾನೇ ಹೇಳ್ಬೇಕು ಅಂತಿದ್ದೆ..."

"ಕೈಕಾಲು ತೊಳ್ಕ. ಜಗಲಿ ಮೇಲೆ ಕುಂತ್ಕ. ಒಳಕ್ಕೆ ಬರಬ್ಯಾಡ."

ಸಿಟ್ಟು ಎಂದುಕೊಂಡೆ. ಸಮುದ್ರದ ಮಾತು ಇಲ್ಲಿಗೆ ಮುಗಿಯಿತು ಎಂದೂ ಅನ್ನಿಸಿತು. ಮುಗಿಯಲಿ ಎಂದು ಗೋಡೆಗೆ ಸಿಕ್ಕಿಸಿದ್ದ ಕುಡುಗೋಲಿಗೆ ಕೈ ಹಾಕಿದೆ. "ಸೊಪ್ಪು ಕೊಯ್ಕಂಡು ಬತ್ತೀನಿ."

"ಅದನ್ನ ಅಲ್ಲೇ ಇಡು. ನೀನು ಈ ಊರಾಗಿಲ್ಲ ಕಣ್ಲಾ."

"ಅಂದ್ರೆ?"

"ನಿನ್ ಗಂಟು ಗಡಿ ದಾಟೈತೆ."

ಗಂಟು ಬಂದ ಮೂರನೆಯ ದಿನ ಅದನ್ನು ತಲೆಯ ಮೇಲೆ ಹೊತ್ತು, ಗಡಿಕಲ್ಲಿನ ಆಚೆ ಶಿರಾ ರಸ್ತೆಯಲ್ಲಿರುವ ನಮ್ಮ ಬೀಗರ ಮನೆಯಲ್ಲಿ ಇಟ್ಟು ಬಂದಿದ್ದಳು. ಮೈಸೂರು ಸೀಮೆಯಲ್ಲಿ. ಹುಳವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಹೋಗಿ ಬರುವಷ್ಟರಲ್ಲಿ ಕತ್ತಲಾಗಿತ್ತಂತೆ.

"ಯಾಕಕ್ಕ?"

ಅವಳು ಪುಟ್ಟಿ ಇಳಿಸಿ ಬೆವರು ಒರೆಸಿಕೊಂಡಳು. "ಗಂಟು ಇಲ್ಲೇ ಇದ್ದಿದ್ರೆ ನೀನು ಬಂದು ನನ್ ಮುಖ ನೋಡಿ ಕುಂತ್ಕಂಬಿಡ್ತಿದ್ದೆ. ನಾನೂ ಕುಂತ್ಕ ಅಂತಿದ್ದೆ."

"ಸೊಪ್ಪು?"

"ಆಳು ಹೇಳಿವ್ನಿ. ನೀನು ಕೊಯ್ಯದು ಅಷ್ಟರಾಗೇ ಐತೆ, ಅರ್ಧ ಸೊಪ್ಪು ಅರ್ಧ ಕಡ್ಡಿ."

ಆ ರಾತ್ರಿ ಜಗಲಿಯ ಮೇಲೇ ಊಟ ಹಾಕಿದಳು. ಹುಳಕ್ಕೆ ಸೊಪ್ಪು ಉದುರಿಸಿ ಬಂದು ಬಂದು ಒಂದೊಂದು ಪ್ರಶ್ನೆ ಕೇಳುತ್ತಿದ್ದಳು. ಸಮುದ್ರಕ್ಕೆ ಏರಿ ಐತಾ? ಇಲ್ಲ. ಆ ಕಡೆ ದಡ? ಕಾಣೋದಿಲ್ಲ. "ಹಂಗಾರೆ ಅಷ್ಟು ನೀರನ್ನ ಯಾವ್ದು ಹಿಡ್ಕಂಡೈತ್ಲಾ?" ಶಾಲೆಯಲ್ಲಿ ಹೇಳುವ ಹಾಗೆ ಹೇಳಿದೆ. ಅವಳಿಗೆ ಅದು ಸಾಲಲಿಲ್ಲವೆಂದು ಮುಖದಲ್ಲೇ ಕಂಡಿತು. ನನಗೂ ಸಾಲಲಿಲ್ಲ.

ಬೆಳಗ್ಗೆ ಗಡಿ ದಾಟಿದೆ. ಬೀಗರ ಮನೆಯ ಅಜ್ಜಿ ಗಂಟು ತಂದು ಕೊಟ್ಟಳು. ನಾನು ಕಟ್ಟಿದ್ದಕ್ಕಿಂತ ಮೂರು ಪಟ್ಟು ಭಾರ. ಬಿಚ್ಚಿದರೆ ಹುರಿಹಿಟ್ಟಿನ ವಾಸನೆ ಗಪ್ಪೆಂದು ಬಂತು. ಹಿಟ್ಟು, ಬೆಲ್ಲದ ಅಚ್ಚು, ಹುಣಿಸೆ ತೊಕ್ಕು. ಎಲ್ಲದರ ಕೆಳಗೆ ಅಕ್ಕನ ನೀಲಿ ಅಂಚಿನ ಸೀರೆ, ನೀಟಾಗಿ ಮಡಿಸಿದ್ದು.

"ಹೊದೆಯಾಕೆ ಅಂತ ಇಟ್ಟಿರ್ಬೇಕು" ಎಂದೆ.

ಅಜ್ಜಿ ನಕ್ಕಳು. "ಮೇಷ್ಟ್ರಾಗಿ ಅಷ್ಟೂ ತಿಳೀದಾ? ಪರಸ್ತಾನದ ಗಂಟಿನಾಗೆ ಯಾರ ಬಟ್ಟೆ ಇರ್ತದೋ ಅವರು ಹೊಂಟಂಗೆ. ಇಲ್ಲೇ ಕುಂತು ಬಿಚ್ಚಿ ಕಟ್ಟುವಾಗ ನಿಮ್ಮಕ್ಕ ನಗ್ತಾ ಇದ್ಲು."

ಶಿರಾ, ಹುಳಿಯಾರು, ತರೀಕೆರೆ, ಶಿವಮೊಗ್ಗ. ಆ ದಿನಗಳ ಪುಟಗಳು ದಿನಚರಿಯಲ್ಲಿ ತುಂಬಿವೆ, ಅವನ್ನಿಲ್ಲಿ ಮತ್ತೆ ಬರೆಯುವುದಿಲ್ಲ. ತೆಂಗಿನ ತೋಟಗಳು ಮುಗಿದು ಕಾಡು ಶುರುವಾಗುವ ಜಾಗದಲ್ಲಿ ಗಾಳಿಯ ರುಚಿ ಬದಲಾಗುತ್ತದೆ. ಆಗುಂಬೆಯ ನೆತ್ತಿಯಲ್ಲಿ 'ಅಗೋ' ಎಂದು ಯಾರೋ ಬೆರಳು ತೋರಿಸಿದ ಕಡೆ ಒಂದು ಬೆಳ್ಳಿಯ ಗೀಟು ಕಂಡಿತು. ನಕ್ಷೆಯ ನೀಲಿಯಲ್ಲ. ಸಂಜೆಯವರೆಗೂ ಅಲ್ಲೇ ಕೂತಿದ್ದೆ. ಎಬ್ಬಿಸಲು ಜೊತೆಗೆ ಯಾರೂ ಇರಲಿಲ್ಲ. ಒಬ್ಬನೇ ಬಂದುದಕ್ಕೆ ಅದಕ್ಕಿಂತ ದೊಡ್ಡ ಲಾಭ ನನಗೆ ಗೊತ್ತಿಲ್ಲ.

ಮಲ್ಪೆಯಲ್ಲಿ ಸಂಜೀವನ ತಾಯಿ ಜಗಲಿಯಲ್ಲಿ ಬಲೆ ಹರಡಿಕೊಂಡು ಕೂತಿದ್ದರು. ಸಮುದ್ರ ಅವನು ಹೇಳಿದಂತೆಯೇ ಕಾಲಿನ ಹತ್ತಿರ ಬಂತು, ಮುಟ್ಟಿತು, ಹಿಂದೆ ಸರಿಯಿತು. ಕಣೇಕಲ್ಲು ಕೆರೆಯ ಎಷ್ಟು ಪಟ್ಟು ಎಂಬ ಲೆಕ್ಕವನ್ನು ಅಲ್ಲಿಗೆ ಕೈಬಿಟ್ಟೆ. ಅಕ್ಕನ ಪ್ರಶ್ನೆಗೆ ಉತ್ತರ ಅಲ್ಲೂ ಸಿಗಲಿಲ್ಲ; ಆದರೆ ಅದು ಎಷ್ಟು ಸರಿಯಾದ ಪ್ರಶ್ನೆ ಎಂಬುದು ತಿಳಿಯಿತು. ರಜ ಮುಗಿಯುತ್ತಿತ್ತು. ಬಾರಕೂರು, ಕುಂದಾಪುರ, ಗಂಗೊಳ್ಳಿಯನ್ನು ಪೆನ್ಸಿಲಿನಲ್ಲೇ ಬಿಟ್ಟು ಹಿಂದಿರುಗಬೇಕಾಯಿತು. ಹೊರಡುವ ಬೆಳಗ್ಗೆ ಗಂಟು ಕಟ್ಟುವಾಗ ಸೀರೆಯನ್ನು ಹೊರಗೇ ಉಳಿಸಿಕೊಂಡೆ. ಆಮೇಲೆ ಅದನ್ನು ಆ ತಾಯಿಯ ಕೈಗೆ ಕೊಟ್ಟೆ.

"ಇದು ನಮ್ಮಕ್ಕನದು. ಅವಳು ಬರುವವರೆಗೆ ಇಟ್ಟಿರಿ."

"ಯಾವಾಗ ಬರ್ತಾರೆ?"

"ಗೊತ್ತಿಲ್ಲ."

"ಇರ್ಲಿ. ಪೆಟ್ಟಿಗೆಯಲ್ಲಿ ಜಾಗ ಉಂಟು. ಬರುವವರು ಬರ್ಲಿ."

ವಾಪಸು ಬಂದಾಗ ಅಕ್ಕ ಗಂಟು ಬಿಚ್ಚಿ, ಮರಳು ಕೊಡವಿ, ಹುಡುಕಿದಳು. "ಸೀರೆ ಎಲ್ಲಿ? ಮರ್ತು ಬಂದ್ಯಾ?"

"ಇಲ್ಲ. ಇಟ್ಟು ಬಂದೆ. ಪರಸ್ತಾನ ಹಿಂದಕ್ಕೆ ತರಬಾರ್ದಲ್ಲ."

ಅವಳು ಸೊಪ್ಪಿನ ಪುಟ್ಟಿ ಎತ್ತಿಕೊಂಡು ಹುಳದ ಮನೆಗೆ ಹೋದಳು. ವರ್ಷವೆಲ್ಲ ಆ ಮಾತು ಎತ್ತಲಿಲ್ಲ. ರಾಯದುರ್ಗದಲ್ಲಿ ಬಸಮ್ಮನವರಿಗೆ ಹೇಳಿದಾಗ ಅವರು ಮಾತ್ರ, "ಐದು ದಿನದ ಲೆಕ್ಕ ನೆಲದ ಮ್ಯಾಲಿಂದು. ನೀರಿನ ದಂಡ್ಯಾಗ ನಂದೇನೂ ನಡಿಯಂಗಿಲ್ರಿ" ಎಂದು ವಿನಾಯಿತಿ ಕೊಟ್ಟರು.

ಇವತ್ತು ಬೆಳಗ್ಗೆ ಎದ್ದು ಅಡಿಗೆಮನೆಗೆ ಹೋದೆ. ಬಾಣಲೆಯ ತುಂಬ ರಾಗಿ. ಈ ಬೇಸಿಗೆಯ ಹುಳ ಇನ್ನೂ ಎರಡನೆಯ ಜ್ವರದಲ್ಲಿವೆ.

"ಯಾರಿಗಕ್ಕ ಇಷ್ಟು ಹಿಟ್ಟು?"

"ನಂಗೆ. ಶಿರಾದಾಗೆ ಮೋಟಾರು ಹತ್ತಿದ್ರೆ ಎಲ್ಲಿ ಇಳೀಬೇಕು, ಎಲ್ಲಿ ಹತ್ಬೇಕು, ಬರ್ಕೊಡು. ಓದಾಕೆ ಬರೋರ ಹತ್ರ ಓದುಸ್ಕಂತೀನಿ."

"ನಾನೂ ಬತ್ತೀನಿ ತಡಿ. ರಜ ಐತಲ್ಲ."

"ನಿನ್ನ ಯಾರು ಕರೆದ್ರು? ನೀನು ಒಬ್ಬನೇ ಹೋಗ್ಲಿಲ್ವಾ? ಹುಳ ನೋಡ್ಕ. ಕಡ್ಡಿ ಕೊಯ್ಯಬ್ಯಾಡ, ಎಲೆ ಕೊಯ್ಯಿ."

ಸೌಟು ತಿರುವುತ್ತಲೇ ಇದ್ದಳು. ನಾನು ದಿನಚರಿ ತೆಗೆದು ಅವಳ ದಾರಿ ಬರೆದೆ. ಮಲ್ಪೆಯವರೆಗೆ ಮಸಿಯಲ್ಲಿ. ಅದರ ಮುಂದೆ ಬಾರಕೂರು, ಕುಂದಾಪುರ, ಗಂಗೊಳ್ಳಿ. ಅವನ್ನೂ ಮಸಿಯಲ್ಲೇ ಬರೆದೆ. ಆಮೇಲೆ ಹೊಸ ಪುಟದ ನಡುವೆ ಗೆರೆ ಎಳೆದೆ. ಎಡಕ್ಕೆ ‘ಅಕ್ಕ’, ಬಲಕ್ಕೆ ‘ನಾನು’. ಎಡಗಡೆಯನ್ನು ಖಾಲಿ ಬಿಟ್ಟು ಬಲಗಡೆಯನ್ನು ಮೊದಲೇ ತುಂಬಿಸಿಟ್ಟೆ: ಹಿಪ್ಪುನೇರಳೆ ತೋಟ, ಹಿಪ್ಪುನೇರಳೆ ತೋಟ, ಹಿಪ್ಪುನೇರಳೆ ತೋಟ.